ಬರಿ ನೆಲದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಆ ನೆಲ ನನ್ನದು. ಪತ್ರದಲ್ಲಿ ರಮೇಶ್‌ಬಾಬು ಅಂತ ಇರಬಹುದು, ಇರಲಿ ಬಿಡಿ. ಗೌರಿಬಿದನೂರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಹಾಲಿಗೆ ಬಿಳಿ ಮಾರ್ಬಲ್ ಹಾಕಿಸಿದವರು ಅವರೇ. ಆದರೆ ಅದು ಬಿಳಿ ಅಂತ ಯಾರ ಕಣ್ಣಿಗಾದರೂ ಕಂಡಿದ್ದು ನಾನು ಉಜ್ಜಿದ ಮೇಲೆ. ಅಲ್ಲಿಯವರೆಗೆ ಅದರ ಮೇಲೆ ಸಿಮೆಂಟಿನ ಹೆಪ್ಪು, ಬಣ್ಣದ ಹನಿ, ಬಡಗಿಯವನ ಅಂಟು, ಯಾರೋ ಉಗಿದ ಎಲೆಯಡಿಕೆ. ಬ್ಲೇಡು ಹಿಡಿದು ಕೆರೆದವಳು ನಾನು. ಮಂಡಿಯೂರಿದೆ. ಬೆನ್ನು ಬಗ್ಗಿಸಿದೆ. ಒಂದೊಂದೇ ಕಲ್ಲು ಉಜ್ಜಿದೆ. ಮಂಡಿಯ ಚರ್ಮ ಕಪ್ಪಾಗಿ ದಪ್ಪಗಾಯಿತು. ಬೆರಳಿನ ಗೆರೆಗಳು ಸವೆದುಹೋದವು. ಈಗ ರೇಷನ್ ಅಂಗಡಿಯ ಮಿಷಿನ್ ನನ್ನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. "ಬೇರೆ ಬೆರಳು ಇಡಮ್ಮ, ಬೇರೆ ಬೆರಳು" ಅಂತ ಅಂಗಡಿಯವನು ರೇಗುತ್ತಾನೆ. ಹತ್ತು ಬೆರಳೂ ಒಂದೇ ನೆಲ ಉಜ್ಜಿವೆಯಪ್ಪ ಅಂತ ನಾನು ನಗುತ್ತೇನೆ.

ನನ್ನ ಹೆಸರು ಮುನಿಗಂಗಮ್ಮ. ತೊಂಡೇಬಾವಿ ಪಕ್ಕದ ಎಸ್.ಸಿ. ಕಾಲೊನಿಯವಳು. ಬೆಳಿಗ್ಗೆ ರೈಲಿಗೆ ಬಂದು ಸಂಜೆ ರೈಲಿಗೆ ಹೋಗುತ್ತೇನೆ. ಏಳನೇ ಕ್ಲಾಸು ಓದಿದ್ದೇನೆ. ಬಾಯಿ ಸ್ವಲ್ಪ ಜಾಸ್ತಿ ಅಂತ ನಮ್ಮವರೇ ಹೇಳುತ್ತಾರೆ. ಸುಳ್ಳಲ್ಲ.

ಮನೆಯಾಕೆಯ ಹೆಸರು ಚೈತನ್ಯ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೂ ನಾನು ಅಮ್ಮಾವ್ರೇ ಅಂತಲೇ ಕರೆಯುತ್ತಿದ್ದೆ. ಗಂಡ ರಮೇಶ್‌ಬಾಬುಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಆಫೀಸರ್ ಕೆಲಸ. ಗೃಹಪ್ರವೇಶಕ್ಕೆ ಮುಂಚೆಯೇ ಸಾಮಾನೆಲ್ಲ ತರಿಸಿ, ಕೆಲಸ ಮಾಡಿಸಲು ದಿನಾ ಬರುತ್ತಿದ್ದ ಚೈತನ್ಯಗೆ ಒಂದು ಹುಚ್ಚು. ಬೆಳಿಗ್ಗೆಯಿಂದ ಸಂಜೆವರೆಗೆ ಮೊಬೈಲಿನಲ್ಲಿ ಮನೆ ತೊಳೆಯುವ ವಿಡಿಯೋ. ಖರ್ಚಿಲ್ಲದೆ ಮನೆ ಫಳಫಳ ಮಾಡುವುದು ಹೇಗೆ ಅಂತ ಯಾರೋ ಒಬ್ಬಳು ನಗುನಗುತ್ತಾ ಹೇಳುತ್ತಾಳೆ. ನಿಂಬೆಹಣ್ಣಿನ ಸಿಪ್ಪೆಯಲ್ಲಿ ನಲ್ಲಿ ಉಜ್ಜು. ಮುಗಿದುಹೋದ ಪೇಸ್ಟ್ ಟ್ಯೂಬು ಹಿಂಡಿ ಸ್ವಿಚ್ ಬೋರ್ಡ್ ಒರೆಸು. ತಾಮ್ರದ ಹಂಡೆಗೆ ಹುಣಸೆಹಣ್ಣು, ಉಪ್ಪು. ಸಿಂಕಿಗೆ ಅಡುಗೆ ಸೋಡಾ. ಮರದ ಬಾಗಿಲಿಗೆ ತೊಟ್ಟು ಕೊಬ್ಬರಿ ಎಣ್ಣೆ. ಕಿಟಕಿ ಗಾಜಿಗೆ ಒದ್ದೆ ಮಾಡಿದ ನ್ಯೂಸ್ ಪೇಪರ್.

ಎಲ್ಲಾ ನಿಜ, ಕೆಲಸ ಮಾಡುತ್ತವೆ. ನಾನೂ ನಮ್ಮನೆಯ ತಪ್ಪಲೆಗೆ ಮಾಡಿ ನೋಡಿದ್ದೇನೆ. ಚೈತನ್ಯ ಮೊಬೈಲ್ ಹಿಡಿದು ಓದುವಳು, ನಾನು ಉಜ್ಜುವೆ. ವಿಡಿಯೋದಲ್ಲಿ ಉಜ್ಜುವ ಕೈ ಹಾಡು ಮುಗಿಯುವುದರೊಳಗೆ ಮುಗಿಸುತ್ತದೆ. ನನ್ನ ಕೈಗೆ ಮಧ್ಯಾಹ್ನ ಆಗುತ್ತದೆ. "ನೋಡ್ದಾ ಮುನಿಗಂಗಮ್ಮ, ಖರ್ಚೇ ಇಲ್ಲ!" ಅಂತ ಅವಳು ಹಿಗ್ಗುವಳು. ನನ್ನ ತೋಳು ಅವಳ ಲೆಕ್ಕಕ್ಕೇ ಇರಲಿಲ್ಲ.

ತೊಳೆಯುವುದಷ್ಟೇ ಅಲ್ಲ, ಕಾಪಾಡುವುದೂ ಇತ್ತು. ಸೋಫಾಗೆ ಪ್ಲಾಸ್ಟಿಕ್ಕು. ಫ್ರಿಜ್ಜಿನ ಹಿಡಿಗೆ ಬಟ್ಟೆ. ರಿಮೋಟಿಗೆ ಕವರ್. ಅಲಮಾರಿಯ ಹಲಗೆ ಹಲಗೆಗೂ ಹಳೇ ಪೇಪರ್. ಹೊಸ ಮನೆಯಲ್ಲಿ ಏನೂ ಬರಿದಾಗಿ ಇರಬಾರದು, ಕಲೆ ಬೀಳುತ್ತದೆ. ಆಮೇಲೆ ನೆಲ. ನೆಲಕ್ಕೂ ಒಂದು ಉಪಾಯ ಇತ್ತು. ಅದು ನನ್ನಂಥವರಿಗೆ ಮಾತ್ರ.

ಊಟಕ್ಕೆ ಕೂರುವಾಗ ಚೈತನ್ಯ ಓಡಿಬಂದು ಒಂದು ನ್ಯೂಸ್ ಪೇಪರ್ ಹಾಸುವಳು. "ನೆಲ ತಣ್ಣಗಿದೆ ಕಣೇ, ಪೇಪರ್ ಹಾಕ್ಕೊಂಡು ಕೂತ್ಕೋ" ಅನ್ನುವಳು. ಮೊದಲ ದಿನ ನನಗೆ ಖುಷಿಯಾಯಿತು. ನನ್ನ ಮೈ ತಣ್ಣಗಾಗುತ್ತದೆ ಅಂತ ಚಿಂತೆ ಮಾಡುವ ಜನವೂ ಇದ್ದಾರಲ್ಲ ಅಂದುಕೊಂಡೆ. ಮನೆಗೆ ಹೋಗಿ ಮಗಳಿಗೂ ಹೇಳಿದೆ. ಆಮೇಲೆ ಬೇಸಿಗೆ ಬಂತು. ಗೌರಿಬಿದನೂರು ಬಿಸಿಲಿಗೆ ಗೋಡೆ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಆಗಲೂ ಪೇಪರ್ ಬಂತು. "ನೆಲ ತಣ್ಣಗಿದೆ ಕಣೇ." ಥೂ, ನನ್ನ ಬುದ್ಧಿಗಿಷ್ಟು.

ಪೇಪರ್ ಸಿಗುತ್ತಿದ್ದದ್ದು ನನ್ನೊಬ್ಬಳಿಗೇ ಅಲ್ಲ. ಪರದೆ, ಸೋಫಾ ಕವರ್ ಹೊಲಿಯಲು ಪಟ್ಟಣದ ಖುರ್ಷಿದ್ ಬರುತ್ತಿದ್ದಳು. ತನ್ನ ಹೊಲಿಗೆ ಮಿಷಿನ್ನು ಆಟೋದಲ್ಲಿ ತಂದು ವರಾಂಡದಲ್ಲಿ ಇಟ್ಟುಕೊಂಡಿದ್ದಳು. ಅವಳಿಗೂ ಒಂದು ಹಾಳೆ. ಟೀ ಅಂದರೆ ನಮ್ಮಿಬ್ಬರಿಗೆ ಪೇಪರ್ ಲೋಟ, ಕುಡಿದು ಬಿಸಾಕುವಂಥದ್ದು. ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೂ ಹಾಳೆ ಹಾಸಿಕೊಂಡು ಕೂರುತ್ತಿದ್ದೆವು.

"ಇವತ್ತು ನಿಂಗೆ ಯಾವ ಪೇಜು ಬಂತು?" ಅಂತ ಖುರ್ಷಿದ್ ಕೇಳುವಳು.

"ಮಂತ್ರಿಗಳ ಮೇಲೆ ಕೂತಿದೀನಿ. ನಿಂಗೆ?"

"ಕ್ರಿಕೆಟ್. ಹನ್ನೊಂದು ಜನಾನೂ ಕೆಳಗೆ ಹಾಕ್ಕೊಂಡಿದೀನಿ."

ಬಾಯಲ್ಲಿ ಅನ್ನ ಇಟ್ಟುಕೊಂಡೇ ಕಿಸಕ್ಕನೆ ನಗುತ್ತಿದ್ದೆವು. ನಗದೆ ಏನು ಮಾಡುವುದು? ಒಳಗೆ ಮಾತ್ರ ಉರಿಯುತ್ತಿತ್ತು. ಯಾಕೆಂದರೆ ಪೇಂಟರ್ ಜಗನ್ ಹಾಲಿನ ನಡುಮಧ್ಯೆ, ಪ್ಯಾಂಟಿನ ತುಂಬಾ ಬಣ್ಣ ಮೆತ್ತಿಕೊಂಡು, ಬರಿ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಊಟ ಮಾಡುತ್ತಿದ್ದ. ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕುಡಿಯುತ್ತಿದ್ದ. ಅವನು ಚೈತನ್ಯಳ ಜಾತಿಯವನೇ. ಅವನಿಗೆ ನೆಲ ತಣ್ಣಗಾಗುತ್ತಿರಲಿಲ್ಲ.

ನನಗೆ ಒಂದೇ ಆಸೆ ಹತ್ತಿತು. ಆ ನೆಲದ ಮೇಲೆ ಒಂದು ಸಲ ಬರಿದಾಗಿ ಕೂರಬೇಕು. ಬಿಟ್ಟಿ ಸೀರೆ ಬೇಡ, ಹಬ್ಬದ ಇನಾಮು ಬೇಡ. ಮಂಡಿಯೂರಿದ್ದು ಸಾಕು, ಚಕ್ಕಳಮಕ್ಕಳ ಹಾಕಿ ಕೂರಬೇಕು.

ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಚೈತನ್ಯ ನನ್ನನ್ನೂ ಕರೆದಳು. "ನೀನೂ ಬಾ ಕಣೇ. ಹಿಂದಿನ ಗೇಟಿಂದ ಬಂದ್ಬಿಡು, ರಷ್ ಇರುತ್ತೆ. ಒಂದು ಡಬ್ಬಿ ತಗೊಂಡು ಬಾ, ಮನೆಗೆಲ್ಲಾ ಹಾಕ್ಕೊಡ್ತೀನಿ" ಅಂದಳು. ಪ್ರೀತಿಯಿಂದಲೇ ಅಂದಳು. ನಾನು ಹೂಂ ಅಂದೆ.

ಗೃಹಪ್ರವೇಶದ ಹಿಂದಿನ ದಿನ ನಡೆದದ್ದು ಇದು. ಹಿತ್ತಲಲ್ಲಿ ಶಾಮಿಯಾನ ಎದ್ದಿತ್ತು. ಅಡುಗೆಯವರು ಒಲೆ, ಕೊಳಗ, ತರಕಾರಿ ಮೂಟೆ ತಂದು ನಮ್ಮ ಮೆಟ್ಟಿಲನ್ನೆಲ್ಲ ತುಂಬಿಬಿಟ್ಟಿದ್ದರು. ನಾನು ಬೆಳಿಗ್ಗೆಯಿಂದ ಹಾಲು ಒರೆಸಿ ಆಗತಾನೇ ಕೊನೆಯ ನೀರು ಎಳೆದಿದ್ದೆ. ನೆಲ ಇನ್ನೂ ಹಸಿಹಸಿ. ನನ್ನ ಸೀರೆಯೂ ಮೊಣಕಾಲವರೆಗೆ ನೆಂದಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು.

"ಇಲ್ಲೇ ಕೂತ್ಕೊಂಡು ತಿಂದ್ಬಿಡ್ರಮ್ಮ ಇಬ್ರೂ, ಹಿಂದೆ ಜಾಗ ಇಲ್ಲ" ಅಂತ ಚೈತನ್ಯ ಒಂದು ಪೇಪರನ್ನು ಹರವಿದಳು. ಎರಡು ಪುಟದ ದೊಡ್ಡ ಹಾಳೆ. ಹಾಲಿನ ನಡುವೆಯೇ.

"ಅಮ್ಮಾವ್ರೇ, ನೆಲ ಹಸಿ ಇದೆ" ಅಂದೆ.

"ಅದಕ್ಕೇ ತಾನೇ ಪೇಪರ್ ಹಾಕಿರೋದು."

ಸರಿ, ಕೂತೆವು. ಖುರ್ಷಿದ್ ತನ್ನ ಮಗಳು ಇಫ್ರಾ ಮಾಡಿದ್ದ ಬದನೆಕಾಯಿ ಪಲ್ಯ ನನಗೂ ಬಡಿಸಿದಳು. ನಾನು ಸೊಪ್ಪಿನ ಸಾರು ಕೊಟ್ಟೆ. ಜಗನ್ ಪಕ್ಕದಲ್ಲೇ ಬರಿ ನೆಲದ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದ. ಸಾವಕಾಶವಾಗಿ ಊಟ ಮಾಡಿದೆವು. ಏಳುವಾಗ ಹಾಳೆ ಏಳಲಿಲ್ಲ.

ಅಂಟಿಕೊಂಡಿತ್ತು. ಮೂಲೆ ಹಿಡಿದು ಎಳೆದರೆ ಹರಿಯಿತು. ಬೆರಳಲ್ಲಿ ಬಿಡಿಸಿ ಬಿಡಿಸಿ ತೆಗೆದೆ. ತೆಗೆದು ನೋಡುತ್ತೇನೆ, ನೆಲದ ಮೇಲೆ ಒಬ್ಬಳು ಮದುಮಗಳು ನಗುತ್ತಿದ್ದಾಳೆ! ಒಡವೆ ಅಂಗಡಿಯ ಜಾಹೀರಾತು. ಬೈತಲೆಬೊಟ್ಟು, ಓಲೆ, ಕತ್ತಿನ ತುಂಬಾ ಹಾರ. ಬಣ್ಣವೆಲ್ಲ ಹಸಿ ಮಾರ್ಬಲ್ಲಿಗೆ ಇಳಿದು ಅಚ್ಚಾಗಿತ್ತು. ನಾನು ಕೂತಿದ್ದ ಕಡೆ ಇನ್ನೂ ಚೆನ್ನಾಗಿ ಒತ್ತಿತ್ತು.

"ಅರೆ ಅಲ್ಲಾ!" ಅಂತ ಖುರ್ಷಿದ್ ಬಾಯಿಗೆ ದುಪಟ್ಟಾ ತುಂಬಿಕೊಂಡಳು. "ಹೊಸ ಮನೆಗೆ ಮೊದಲು ಇವಳೇ ಬಂದ್ಬಿಟ್ಳಲ್ಲೇ!"

ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಚೈತನ್ಯ ಬಂದಳು. ನೋಡಿದಳು. ಕಿರುಚಿದಳು.

"ಅಯ್ಯಯ್ಯೋ! ಏನೇ ಮಾಡಿದ್ದು ಇದು? ನೀನು ಕೂತಿದ್ದಕ್ಕೇ ಹಿಂಗಾಗಿದ್ದು!"

ಅವಳ ಅತ್ತೆ ಅಕ್ಕಯ್ಯಮ್ಮ ದೇವರಮನೆ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೂವು ಕಟ್ಟುತ್ತಿದ್ದರು. ಹಳ್ಳಿಯವರು, ಮಾತಿಗೆ ಮುಂಚೆ ತೆಲುಗು ಬರುತ್ತದೆ. "ಏಮಾಯಿಂದೇ, ಏನಾಯ್ತೇ? ಒಂದು ಚಾಪೆ ಹಾಕ್ಬಿಡಮ್ಮ ಮೇಲೆ" ಅಂದರು.

"ಮಾರ್ಬಲ್ ನೋಡ್ಲಿ ಅಂತಲೇ ಎಲ್ಲರನ್ನ ಕರೆದಿರೋದು ಅತ್ತೆ! ಚಾಪೆ ಹಾಕೋಕಾ ಇಷ್ಟು ಮಾಡಿದ್ದು?" ಚೈತನ್ಯ ಮೊಬೈಲ್ ತೆಗೆದಳು. ಹುಡುಕಿದಳು, ಸಿಕ್ಕಿತು. ಅಡುಗೆ ಸೋಡಾಗೆ ನೀರು ಹಾಕಿ ಮುದ್ದೆ ಮಾಡಿ ಹಚ್ಚಬೇಕು, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಉಜ್ಜಬೇಕು, ನಿಂಬೆಹಣ್ಣು ಮಾತ್ರ ಮುಟ್ಟಿಸಬಾರದು, ಮಾರ್ಬಲ್ ಮಂಕಾಗುತ್ತದೆ. ತಾನೇ ಅಡುಗೆಮನೆಗೆ ಓಡಿ, ಬಟ್ಟಲಲ್ಲಿ ಕಲೆಸಿ ತಂದು ನನ್ನ ಮುಂದೆ ಕುಕ್ಕಿದಳು.

"ಉಜ್ಜು. ಸಂಜೆಗೆ ಚಿಂತಾಮಣಿಯಿಂದ ನಮ್ಮ ಸೋದರತ್ತೆ ಬರ್ತಾರೆ. ಬೇಗ ಉಜ್ಜು."

ನಾನು ಬಟ್ಟಲು ನೋಡಿದೆ. ನೆಲ ನೋಡಿದೆ. ನನ್ನ ಮಂಡಿ ತಾನಾಗಿಯೇ ಬಗ್ಗಲು ಹೊರಟಿತು. ಅಭ್ಯಾಸ ನೋಡಿ. ನಾನು ಅದನ್ನು ತಡೆದು ನಿಲ್ಲಿಸಿದೆ.

"ಉಜ್ಜಲ್ಲ" ಅಂದೆ.

"ಏನು?"

"ಈ ಕಲೆ ನಾನು ಉಜ್ಜಲ್ಲ. ಇದು ನಂದಲ್ಲ."

"ನೀನು ಕೂತಿದ್ದ ಜಾಗ ಕಣೇ ಅದು!"

"ನಾನು ಕೂತಿದ್ದು ಪೇಪರ್ ಮೇಲೆ. ಪೇಪರ್ ಹಾಕಿದ್ದು ನೀವು. ನಾನು ಕೂತ್ರೆ ನೆಲ ಕೆಡುತ್ತೆ ಅಂತ ಹಾಕಿದ್ರಿ. ಕೆಡುತ್ತಾ ಇಲ್ವಾ ನೋಡೇಬಿಡೋಣ."

ಹೇಳಿದವಳೇ ಮದುಮಗಳ ಪಕ್ಕದಲ್ಲಿ ಧೊಪ್ಪನೆ ಕೂತೆ. ಒದ್ದೆ ಸೀರೆಯಲ್ಲೇ. ಬರಿ ನೆಲಕ್ಕೆ. ಕೂತು, ಎದ್ದು, ತೋರಿಸಿದೆ.

"ನೋಡಿ. ಏನಾದ್ರೂ ಅಂಟ್ತಾ?"

ನಾನು ಕಿಟಕಿ ಹತ್ತಿರ ಹೋಗಿ ಕೂತೆ, ಎದ್ದೆ. "ಇಲ್ಲಿ? ಇಲ್ಲೂ ಇಲ್ಲ." ಟಿವಿ ಮುಂದೆ ಕೂತೆ. "ಇಲ್ಲಿ? ಕಣ್ಣು ಬಿಟ್ಟು ನೋಡಿ. ನನ್ನ ಜಾತಿ ಏನಾದ್ರೂ ಬಿದ್ದಿದೆಯಾ?" ಬಾಗಿಲ ಹತ್ತಿರ ಕೂತೆ. ಸೋಫಾ ಪಕ್ಕ ಕೂತೆ. ಮೈಯೆಲ್ಲ ಉರಿಯುತ್ತಿತ್ತು, ಕಣ್ಣಲ್ಲಿ ನೀರು, ಆದರೂ ನಗು. ಖುರ್ಷಿದ್ ಸುಮ್ಮನಿರುವವಳಲ್ಲ. ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ಕಡೆಯಿಂದ ಶುರು ಮಾಡಿದಳು. ಕೂತಳು, ಎದ್ದಳು, "ಮೇಡಂ, ನಂದೂ ಇಲ್ಲ ನೋಡಿ!" ಅಂದಳು. ದಪ್ಪ ಹೆಂಗಸು, ಪ್ರತಿ ಸಲ ಏಳುವಾಗಲೂ "ಯಾ ಅಲ್ಲಾ" ಅನ್ನುತ್ತಿದ್ದಳು. ಅಡುಗೆಯವರು ಸೌಟು ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತರು.

"ಸಾಕು ನಿಲ್ಸೇ!" ಚೈತನ್ಯ ಕೂಗಿದಳು. "ಜಾತಿಗೀತಿ ಅಂತ ನಾನು ಯಾವತ್ತಾದ್ರೂ ಅಂದಿದೀನಾ? ನೆಲ ಹೊಸದು. ಅದಕ್ಕೆ ಹಾಕ್ದೆ. ಅಷ್ಟೇ."

"ಹಂಗಾದ್ರೆ ಜಗನ್‌ಗೆ ಯಾಕೆ ಹಾಕ್ಲಿಲ್ಲ?"

ಎಲ್ಲರೂ ಜಗನ್ ಕಡೆ ತಿರುಗಿದರು. ಅವನ ಬಾಯಲ್ಲಿ ಚಿತ್ರಾನ್ನದ ತುತ್ತು. ಪ್ಯಾಂಟಿನ ಮೇಲೆ ಹಸಿರು, ಹಳದಿ, ಇಟ್ಟಿಗೆ ಬಣ್ಣ. ಕೆಳಗೆ ಬರಿ ನೆಲ. ಪಾಪ, ತುತ್ತು ನುಂಗಲೂ ಆಗದೆ, ಉಗುಳಲೂ ಆಗದೆ, ತಟ್ಟೆ ಎತ್ತಿಕೊಂಡು ಮೆಲ್ಲಗೆ ಎದ್ದು ಹೊರಗೆ ಹೋದ.

ಆಗ ಅಕ್ಕಯ್ಯಮ್ಮ ಬಾಯಿಬಿಟ್ಟರು. "ನಮ್ಮತ್ತೆ ಕಾಲದಲ್ಲಿ ಇವರನ್ನ ಹೊಸ್ತಿಲು ದಾಟೋಕೇ ಬಿಡ್ತಿರ್ಲಿಲ್ಲಮ್ಮ. ನಾನೂ ಬಿಡ್ಲಿಲ್ಲ. ಮುಖಕ್ಕೇ ಹೇಳ್ತಿದ್ವಿ, ಬರಬೇಡ ಅಂತ. ನೀನು ಒಳಗೂ ಕರೀತೀಯ, ಪೇಪರೂ ಹಾಕ್ತೀಯ. ಅದೂ ಇದೂ ಒಂದೇ ಅಲ್ವೇನೇ?"

ಆ ಮುದುಕಿಯನ್ನು ನಾನು ಹೊಗಳುವುದಿಲ್ಲ. ಅಂಥ ಹೊಸ್ತಿಲ ಹೊರಗೆ ನಿಂತು ನಮ್ಮ ಅಜ್ಜಿ ಎಷ್ಟು ಸಲ ಸೆರಗೊಡ್ಡಿದ್ದಳೋ. ಆದರೆ ಇದ್ದದ್ದನ್ನು ಇದ್ದಹಾಗೆ ಹೇಳಿದವರು ಆ ಮನೆಯಲ್ಲಿ ಅವರೊಬ್ಬರೇ.

ಚೈತನ್ಯ ಪಕ್ಕದ ಬೀದಿಯಲ್ಲಿ ಕೆಲಸ ಮಾಡುವ ಅಶ್ವತ್ಥಮ್ಮನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿತ್ತು, ನಮಗೂ ಕೇಳಿಸಿತು.

"ಅಶ್ವತ್ಥಮ್ಮ, ಈಗಲೇ ಬರ್ತೀಯಾ? ನೆಲ ಉಜ್ಜೋದಿದೆ."

"ಬರ್ತೀನಮ್ಮ. ಯಾಕೆ, ಮುನಿಗಂಗಮ್ಮ ಬಂದಿಲ್ವಾ?"

"ಬಂದಿದಾಳೆ. ಉಜ್ಜಲ್ಲ ಅಂತಾಳೆ."

"ಅವಳಾ? ಉಜ್ಜಲ್ಲ ಅಂದ್ಳಾ? ಯಾಕಂತೆ?"

ಚೈತನ್ಯ ಉತ್ತರ ಕೊಡಲು ಹೋದಳು. "ಏನಿಲ್ಲ, ಪೇಪರ್..." ಅಂದಳು. ಅಲ್ಲಿಗೆ ನಿಂತಳು. ನನ್ನ ಕಡೆ ನೋಡಿದಳು. ಮತ್ತೆ "ಪೇಪರ್..." ಅಂದಳು. ದಿನಾ ಕೈಯಾರೆ ಮಾಡುತ್ತಿದ್ದದ್ದನ್ನು ಬಾಯಲ್ಲಿ ಹೇಳಲು ಆಗಲಿಲ್ಲ. "ಆಮೇಲೆ ಮಾಡ್ತೀನಿ" ಅಂತ ಫೋನ್ ಇಟ್ಟಳು.

ನಾನು ಹೋಗಿ ಗೋಡೆಗೆ ಒರಗಿ ಕೂತೆ. ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ. ಈ ಸಲ ಏಳಲಿಲ್ಲ. ಕೆಲಸ ಹೋಗಬಹುದು ಅಂತ ಗೊತ್ತಿತ್ತು. ಆದರೆ ನೆಲ ನಿಜವಾಗಿಯೂ ತಣ್ಣಗಿತ್ತು ಕಣ್ರೀ. ಇಷ್ಟು ದಿನ ಮಂಡಿಗೆ ಗೊತ್ತಿದ್ದ ತಂಪು ಮೈಗೆಲ್ಲ ಹತ್ತಿತು. ಏನು ಸುಖ!

ಚೈತನ್ಯ ಗಡಿಯಾರ ನೋಡಿದಳು. ಗಂಡನಿಗೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಕೊನೆಗೆ ಸೀರೆ ಎತ್ತಿ ಸಿಕ್ಕಿಸಿ, ಮಂಡಿಯೂರಿದಳು. ಆ ನೆಲಕ್ಕೆ ಅವಳ ಮಂಡಿ ತಗಲಿದ್ದು ಅದೇ ಮೊದಲು. ಸೋಡಾ ಹಚ್ಚಿದಳು. ಕಾದಳು. ಉಜ್ಜಿದಳು. ಮದುಮಗಳು ನಗುತ್ತಲೇ ಇದ್ದಳು.

ಮತ್ತೆ ಹಚ್ಚಿದಳು, ಮತ್ತೆ ಉಜ್ಜಿದಳು. ಏದುಸಿರು ಬಿಡತೊಡಗಿದಳು. ಬಳೆ ಮೇಲೇರಿಸಿಕೊಂಡಳು. ಮೊದಲು ಓಲೆ ಹೋಯಿತು, ಆಮೇಲೆ ಬೈತಲೆಬೊಟ್ಟು, ಆಮೇಲೆ ನಗು.

"ವಿಡಿಯೋದಲ್ಲಿ ಒಂದು ನಿಮಿಷಕ್ಕೇ ಹೋಯ್ತಲ್ಲೇ" ಅಂದಳು ಅಳುವ ದನಿಯಲ್ಲಿ.

"ವಿಡಿಯೋದಲ್ಲಿ ನಾನು ಉಜ್ಜೋ ಕಲೆಗಳೂ ಹಂಗೇ ಹೋಗ್ತಿದ್ವು ಅಮ್ಮಾವ್ರೇ" ಅಂದೆ.

ಅವಳು ಥಟ್ಟನೆ ತಲೆಯೆತ್ತಿದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ತನ್ನ ಬೆರಳು ನೋಡಿಕೊಂಡಳು. ಸೋಡಾ ನೀರಿಗೆ ಚರ್ಮ ಸುಕ್ಕಾಗಿ ಬೆಳ್ಳಗಾಗಿತ್ತು. ಮತ್ತೆ ಬಗ್ಗಿ ಉಜ್ಜಿದಳು. ಹಾರದ ಅಂಚೊಂದು ಮಾತ್ರ ಹೋಗಲಿಲ್ಲ, ತೆಳ್ಳಗೆ ಉಳಿಯಿತು.

ಆಮೇಲೆ ನಾನು ಎದ್ದು ಉಳಿದ ಹಾಲನ್ನೆಲ್ಲ ಇನ್ನೊಂದು ಸಲ ಒರೆಸಿದೆ. ಅದು ನನ್ನ ಕೆಲಸ, ಅದಕ್ಕೆ ಬೇಜಾರಿಲ್ಲ. ಆ ಕಲೆಯೊಂದನ್ನು ಮಾತ್ರ ಮುಟ್ಟಲಿಲ್ಲ. ಆ ಮನೆಯಲ್ಲಿ ನಾನು ಮುಟ್ಟದೆ ಬಿಟ್ಟದ್ದು ಅದೊಂದೇ. ಹೊರಡುವಾಗ ಚೈತನ್ಯ ಬಾಗಿಲವರೆಗೆ ಬಂದಳು.

"ನಾಳೆ ಬರ್ತೀಯಾ?"

"ಬರ್ತೀನಿ. ಮುಂದಿನ ಬಾಗಿಲಿಂದ ಬರ್ತೀನಿ. ಡಬ್ಬಿ ತರಲ್ಲ. ಕೂತ್ಕೊಂಡು ಊಟ ಮಾಡ್ತೀನಿ."

ಸಂಜೆ ರೈಲಿನಲ್ಲಿ ಮಗಳಿಗೆ ಏನು ಹೇಳುವುದು ಅಂತ ಯೋಚಿಸುತ್ತಾ ಹೋದೆ. ಮನೆ ಸೇರುವಷ್ಟರಲ್ಲಿ ಇಡೀ ಕಂಪಾರ್ಟ್‌ಮೆಂಟಿನ ಹೆಂಗಸರಿಗೆ ಹೇಳಿ ಆಗಿತ್ತು.

ಮಾರನೆಯ ದಿನ ನನ್ನ ಮದುವೆಯ ಕೆಂಪು ಸೀರೆ ಉಟ್ಟೆ. ಖುರ್ಷಿದ್ ಗೇಟಿನ ಹತ್ತಿರ ಕಾದಿದ್ದಳು, ಕಣ್ಣಿಗೆ ಸುರ್ಮಾ ಹಚ್ಚಿಕೊಂಡು. ಮಾವಿನ ತೋರಣ ಕಟ್ಟಿದ ಮುಂಬಾಗಿಲು. ಕೊಬ್ಬರಿ ಎಣ್ಣೆ ಹಚ್ಚಿ ಅದನ್ನು ಹೊಳೆಯುವ ಹಾಗೆ ಮಾಡಿದ್ದೂ ನಾನೇ. ಒಂದು ಗಳಿಗೆ ಕಾಲು ಹಿಂದೆಮುಂದೆ ನೋಡಿತು. "ಹೋಗೇ, ನಿನ್ನ ಹಿಂದೆ ನಾನಿಲ್ವಾ" ಅಂತ ಖುರ್ಷಿದ್ ಬೆನ್ನಿಗೆ ಒಂದು ನೂಕಿದಳು. ಹೊಸ್ತಿಲು ದಾಟಿದೆ.

ಹಾಲಿನ ತುಂಬಾ ಜನ. ಮಾರ್ಬಲ್ ಕಾಣಲಿ ಅಂತ ಜಮಖಾನ ಹಾಸಿರಲಿಲ್ಲ, ಹೆಂಗಸರೆಲ್ಲ ಬರಿ ನೆಲಕ್ಕೇ ಕೂತು ಪೂಜೆ ನೋಡುತ್ತಿದ್ದರು. ನಾನು ನೇರವಾಗಿ ಹೋಗಿ ಆ ಹಾರದ ಗುರುತಿನ ಮೇಲೆ ಕೂತೆ. ಪಕ್ಕದಲ್ಲಿ ಖುರ್ಷಿದ್. ದೇವರಮನೆ ಹತ್ತಿರದಿಂದ ಅಕ್ಕಯ್ಯಮ್ಮ ನೋಡಿದರು, ಮುಖ ತಿರುಗಿಸಿಕೊಂಡರು. ತಿರುಗಿಸಿಕೊಳ್ಳಲಿ. ಚೈತನ್ಯ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಕೊಡುತ್ತಾ ಬರುತ್ತಿದ್ದಳು. ನನ್ನನ್ನು ಕಂಡಳು. ಹೆಜ್ಜೆ ನಿಂತಿತು.

ಅಷ್ಟರಲ್ಲಿ ಒಳಕೋಣೆಯಿಂದ ಆ ಚಿಂತಾಮಣಿ ಅತ್ತೆ ಬಂದರು. ಭಾರೀ ಜರಿಯ ರೇಷ್ಮೆ ಸೀರೆ, ಮೈತುಂಬಾ ಒಡವೆ. ನಿನ್ನೆಯ ಮದುಮಗಳೇ ವಯಸ್ಸಾಗಿ ಬಂದಂತಿತ್ತು. ಕೂರಲು ಬಗ್ಗಿದವರು ಮತ್ತೆ ನೆಟ್ಟಗಾದರು.

"ಏ ಚೈತನ್ಯ, ಒಂದು ಹಳೇ ಪೇಪರ್ ಇದ್ರೆ ಕೊಡಮ್ಮ. ಹಾಕ್ಕೊಂಡು ಕೂತ್ಕೋತೀನಿ."

ಖುರ್ಷಿದ್ ನನ್ನ ತೊಡೆ ಗಿಲ್ಲಿದಳು. ಚೈತನ್ಯ ನನ್ನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಅವಳ ಬೆರಳ ತುದಿ ಇನ್ನೂ ಕೆಂಪಗೆ ಸುಲಿದಿತ್ತು.

"ಬೇಡ ಅತ್ತೆ. ಪೇಪರ್ ಹಾಕಿದ್ರೆ ನೆಲಕ್ಕೆ ಕಲೆ ಬೀಳುತ್ತೆ. ಬರಿ ನೆಲಕ್ಕೇ ಕೂತ್ಕೊಳ್ಳಿ."

ಅಂದವಳೇ ಬಗ್ಗಿ ನನ್ನ ಮುಂದೆ ತಟ್ಟೆ ಹಿಡಿದಳು. ನಾನು ಕುಂಕುಮ ಇಟ್ಟುಕೊಂಡೆ. "ಕೈ ಉರೀತಿದೆಯಾ ಚೈತನ್ಯಮ್ಮ?" ಅಂತ ಮೆಲ್ಲಗೆ ಕೇಳಿದೆ. "ಉರೀತಿದೆ" ಅಂದಳು. ಖುರ್ಷಿದ್ ತಡೆಯಲಾರದೆ ಕಿಸಕ್ಕನೆ ನಕ್ಕಳು, ನಾನೂ ನಕ್ಕೆ, ಪೂಜೆಯವರು ತಿರುಗಿ ನೋಡುವಷ್ಟು ಜೋರಾಗಿ.

ಚಿಂತಾಮಣಿ ಅತ್ತೆ ಗೊಣಗುತ್ತಾ ನನ್ನ ಪಕ್ಕದಲ್ಲೇ ಕೂತರು. ಕೂತ ಮೇಲೆ ನನ್ನ ಕೈ ನೋಡಿದರು, ಬೆರಳು ನೋಡಿದರು, ಬಣ್ಣ ಬಿಟ್ಟ ಸೀರೆ ನೋಡಿದರು. ನಾನು ಯಾರೆಂದು ಗೊತ್ತಾಯಿತು ಅಂತ ಕಾಣುತ್ತದೆ.

"ಸ್ವಲ್ಪ ಆ ಕಡೆ ಜರುಗಮ್ಮ" ಅಂದರು.

ಆ ಕಡೆ ಬೇಕಾದಷ್ಟು ಜಾಗ ಇತ್ತು. ನಾನು ಜರುಗಲಿಲ್ಲ.